ಅಪ್ಪ-ಅಮ್ಮ ಬಂದಾಗ ಟೀಗೆ ಎಲ್ಲಿ ಕರ್ಕೊಂಡು ಹೋಗೋದು?

ನನ್ನ ಘಟಿಕೋತ್ಸವಕ್ಕೆ ಅಪ್ಪ-ಅಮ್ಮ ಇಂಗ್ಲೆಂಡಿಗೆ ಬಂದಿದ್ದರು. ಲಂಡನ್ನಿನ ಒಂದು ದೊಡ್ಡ ಹೋಟೆಲಿನಲ್ಲಿ ಮೂವರಿಗೆ ‘ಆಫ್ಟರ್‌ನೂನ್ ಟೀ’ ಬುಕ್ ಮಾಡಿದೆ. ‘ವೆಜಿಟೇರಿಯನ್’ ಅಂತ ಬರೆದರೆ ಸಾಕು ಅಂದ್ಕೊಂಡಿದ್ದೆ. ಒಂದರ ಮೇಲೊಂದು ಮೂರು ತಟ್ಟೆ ಬಂತು. ಕೆಳಗೆ ಮೊಟ್ಟೆ ಸ್ಯಾಂಡ್‌ವಿಚ್, ಮೇಲೆ ಮೊಟ್ಟೆ ಹಾಕಿದ ಕೇಕು. ಮೊಟ್ಟೆ ಮುಟ್ಟದ ಅಮ್ಮ ಎರಡು ಸೌತೆಕಾಯಿ ಸ್ಯಾಂಡ್‌ವಿಚ್ ತಿಂದು, “ಹಸಿವೇ ಇಲ್ಲ ಕಣೋ” ಅಂದರು. ಬಿಲ್ ನೋಡಿದ ಅಪ್ಪ ರೂಪಾಯಿ ಲೆಕ್ಕ ಹಾಕ್ತಿದ್ದದ್ದು ಮುಖದಲ್ಲೇ ಕಾಣ್ತಿತ್ತು. ತಪ್ಪು ಹೋಟೆಲಿನದಲ್ಲ, ಮೊದಲೇ ಕೇಳದ ನನ್ನದು. ನಿಮಗೆ ಹಾಗಾಗದಿರಲಿ ಅಂತ ಈ ಬರಹ.

ಹೆಸರು ನೋಡಿ ಆರಿಸಿ: ಆಫ್ಟರ್‌ನೂನ್ ಟೀ ಅಂದರೆ ಸ್ಯಾಂಡ್‌ವಿಚ್, ಸ್ಕೋನ್, ಕೇಕು ಎಲ್ಲ ಇರುವ ದುಬಾರಿ ಏರ್ಪಾಡು. 1840ರ ದಶಕದಲ್ಲಿ ಬೆಡ್‌ಫರ್ಡಿನ ಡಚೆಸ್ ಆನಾ ಇದನ್ನು ರೂಢಿಗೆ ತಂದರು ಎನ್ನುತ್ತಾರೆ. ರಾತ್ರಿಯೂಟ ತಡವಾಗುತ್ತಿದ್ದ ಕಾಲ, ನಡುವಿನ ಹಸಿವಿಗೆ ಒಂದು ತಿಂಡಿ. ‘ಹೈ ಟೀ’ ಬೇರೆಯೇ: ದುಡಿಯುವ ಜನ ಕೆಲಸ ಮುಗಿಸಿ ಬಂದು ಮಾಡುತ್ತಿದ್ದ ಸಂಜೆಯೂಟ. ನಮ್ಮ ಜೇಬಿಗೆ ಹೊಂದೋದು ‘ಕ್ರೀಮ್ ಟೀ’. ಸ್ಕೋನ್, ಜಾಮ್, ಗಟ್ಟಿ ಕ್ರೀಮ್, ಜೊತೆಗೆ ಟೀ, ಅಷ್ಟೇ. ಡೆವನ್‌ನಲ್ಲಿ ಕ್ರೀಮ್ ಮೊದಲು ಹಚ್ತಾರೆ, ಕಾರ್ನ್‌ವಾಲ್‌ನಲ್ಲಿ ಜಾಮ್ ಮೊದಲು. ಈ ಜಗಳದಲ್ಲಿ ನಾವು ತಲೆಹಾಕೋದು ಬೇಡ!

ಬಾಯಿಬಿಟ್ಟು ಕೇಳಿ: ಇಲ್ಲಿ ‘ವೆಜಿಟೇರಿಯನ್’ ಅಂದರೆ ಮೊಟ್ಟೆಯೂ ಸೇರುತ್ತೆ. ಸ್ಕೋನಿನ ಮೇಲೂ ಹೊಳಪಿಗೆ ಮೊಟ್ಟೆ ಬಳಿದಿರಬಹುದು. ಕಾನೂನು ಪಟ್ಟಿ ಮಾಡಿರುವ 14 ಅಲರ್ಜಿ ಪದಾರ್ಥಗಳಲ್ಲಿ ಮೊಟ್ಟೆಯೂ ಇದೆ. ಹಾಗಾಗಿ ಯಾವುದರಲ್ಲಿ ಮೊಟ್ಟೆ ಇದೆ ಅಂತ ಅವರು ಹೇಳಲೇಬೇಕು, ನೀವು ಸಂಕೋಚಪಡಬೇಕಿಲ್ಲ. ಜೆಲಟಿನ್ ಆ ಪಟ್ಟಿಯಲ್ಲಿಲ್ಲ. ಮೂಸ್, ಮಾರ್ಷ್‌ಮ್ಯಾಲೋ ಕಂಡರೆ ಅದನ್ನು ಪ್ರತ್ಯೇಕವಾಗಿ ಕೇಳಿ. ‘ವೀಗನ್’ ಅಂದರೆ ಇವೆರಡೂ ಇರಲ್ಲ, ಆದರೆ ಹಾಲು-ಬೆಣ್ಣೆಯೂ ಇರಲ್ಲ. ಟೀಗೆ ಹಾಲು ಬೇರೆಯಾಗಿ ಕೇಳಿದರಾಯ್ತು.

ಬಿಲ್ ಓದಿ: ಲಂಡನ್ನಿನಲ್ಲಿ 12.5% ಸರ್ವಿಸ್ ಚಾರ್ಜ್ ಸೇರಿಸೋದು ಸಾಮಾನ್ಯ. ಮೂವರ ಬಿಲ್ 60 ಪೌಂಡ್ ಆದರೆ ಇನ್ನೂ ಏಳೂವರೆ ಪೌಂಡ್. ‘ಐಚ್ಛಿಕ’ ಅಂತಿದ್ದರೆ ತೆಗೆಸಬಹುದು. ಮದ್ಯ ಮಾರುವ ಪರವಾನಗಿ ಇರುವ ಕಡೆ ನಲ್ಲಿ ನೀರು ಕೇಳಿದರೆ ಪುಕ್ಕಟೆ ಕೊಡಬೇಕು. ಬಾಟಲಿಗೆ ದುಡ್ಡು ಸುರಿಯಬೇಡಿ.

ಜಾಗ, ಹೊತ್ತು: ಬಾಗಿಲಲ್ಲಿ 0ಯಿಂದ 5ರವರೆಗಿನ ಸ್ವಚ್ಛತೆಯ ಸ್ಟಿಕ್ಕರ್ ನೋಡಿ. ವೇಲ್ಸ್‌ನಲ್ಲಿ ಅದನ್ನು ಅಂಟಿಸೋದು ಕಡ್ಡಾಯ, ಇಂಗ್ಲೆಂಡಿನಲ್ಲಿ ಅಲ್ಲ. ಕಾಣದಿದ್ದರೆ ಫೋನಿನಲ್ಲೇ ಹುಡುಕಬಹುದು. ಎಷ್ಟೋ ಪಬ್‌ಗಳ ಅಡುಗೆಮನೆ ಮಧ್ಯಾಹ್ನದ ಊಟ ಮುಗಿದ ಮೇಲೆ ಸಂಜೆವರೆಗೆ ಮುಚ್ಚಿರುತ್ತೆ. ಆ ಹೊತ್ತಿಗೆ ಮ್ಯೂಸಿಯಂ ಕೆಫೆಗಳೇ ಗತಿ. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂಗೆ ಪ್ರವೇಶ ಉಚಿತ. 19ನೇ ಶತಮಾನದಲ್ಲೇ ಉಪಾಹಾರದ ಕೋಣೆಗಳನ್ನು ತೆರೆದ ಮ್ಯೂಸಿಯಂ ಅದು, ಆ ಚಂದದ ಕೋಣೆಗಳಲ್ಲೇ ಇವತ್ತೂ ಕೂತು ಟೀ ಕುಡೀಬಹುದು.

ಮರುದಿನ ನಾವೂ ಒಂದು ಸಣ್ಣ ಕೆಫೆಗೆ ಹೋದೆವು. ಈ ಸಲ ಕೌಂಟರಿನಲ್ಲೇ ನಿಂತು ಎಲ್ಲ ಕೇಳಿದೆ. ಅಮ್ಮ ಮೊಟ್ಟೆಯಿಲ್ಲದ ಕೇಕಿನ ತುಂಡು ಪೂರ್ತಿ ತಿಂದು, “ಇನ್ನೊಂದು ತಗೋಳೋಣ್ವಾ?” ಅಂದರು. ಹಿಂದಿನ ದಿನ ಅವರಿಗೆ ಹಸಿವಿತ್ತು ಅಂತ ನನಗೆ ಗೊತ್ತಾಗಿದ್ದು ಆಗಲೇ.