ಪಾಲು ಯಾರಿಗೆ, ಗಾದಿ ಯಾರಿಗೆ?

ದೀಪಾವಳಿಯ ದಿನಗಳಲ್ಲಿ ಕಾರವಾರ, ಅಂಕೋಲೆಗಳ ಪೇಟೆಯಲ್ಲಿ ಅಂಗಡಿಪೂಜೆಯ ಸಂಭ್ರಮವು ಹೇಗಿರುವದೆಂಬುದು ವಾಚಕರಿಗೆ ತಿಳಿದ ಸಂಗತಿಯೇ. ಲೆಕ್ಕವು ಈಗ ಗಣಕಯಂತ್ರವನ್ನು ಸೇರಿದ್ದರೂ, ಹೊಸ ಕೀರ್ದಿ ಪುಸ್ತಕಕ್ಕೆ ಅರಿಶಿನ ಕುಂಕುಮಗಳನ್ನಿಟ್ಟು, ತಕ್ಕಡಿಗೆ ಹೂವೇರಿಸುವ ಪದ್ಧತಿಯನ್ನು ಅನೇಕರು ಬಿಟ್ಟಿಲ್ಲ. ಯಾವ ಗಿರಾಕಿಯಿಂದ ಎಷ್ಟು ಉದ್ರಿ ಬರತಕ್ಕದ್ದು, ಯಾವ ವ್ಯಾಪಾರಿಗೆ ಎಷ್ಟು ಸಲ್ಲತಕ್ಕದ್ದು ಎಂಬುದೆಲ್ಲವೂ ಆ ಪುಸ್ತಕದಲ್ಲಿ ಸಿಕ್ಕುವದು. ಆದರೆ ಇಂದಿನ ಯಜಮಾನನ ತರುವಾಯ ಗಾದಿಯ ಮೇಲೆ ಕುಳಿತುಕೊಳ್ಳುವವರು ಯಾರೆಂಬ ಒಂದು ಸಂಗತಿಯು ಮಾತ್ರ ಯಾವ ಪುಸ್ತಕದಲ್ಲಿಯೂ ಬರೆದಿರುವದಿಲ್ಲ.

ಅಂಗಡಿಯು ಚಿಕ್ಕದಾಗಿರುವವರೆಗೆ ಈ ಪ್ರಶ್ನೆಯು ಯಾರನ್ನೂ ಕಾಡುವದಿಲ್ಲ. ತಂದೆಯು ಗಲ್ಲಾ ಪೆಟ್ಟಿಗೆಯ ಮುಂದೆ ಕುಳಿತರೆ ಮಕ್ಕಳು ತೂಕಮಾಡುವರು. ಮಧ್ಯಾಹ್ನ ತಾಯಿಯೇ ಬಂದು ಅಂಗಡಿ ನೋಡಿಕೊಳ್ಳುವದೂ ಉಂಟು. ಆದರೆ ನಮ್ಮ ಸೀಮೆಯ ವ್ಯಾಪಾರವು ಮೊದಲಿನಂತೆ ಉಳಿದಿಲ್ಲ. 1998ರಲ್ಲಿ ಕೊಂಕಣ ರೈಲು ಮಾರ್ಗವು ಪೂರ್ಣವಾಗಿ ತೆರೆಯಿತು. 2005ರಲ್ಲಿ ಕಾರವಾರದ ಬಳಿಯ ಕದಂಬ ನೌಕಾನೆಲೆಯು ಕಾರ್ಯಾರಂಭಮಾಡಿತು. ಹೆದ್ದಾರಿಯು ಅಗಲವಾಯಿತು. ಹೊರಗಿನ ಮಾಲು ಬಂದಿತು, ಹೊರಗಿನ ಸ್ಪರ್ಧಿಗಳೂ ಬಂದರು. ಒಂದು ಅಂಗಡಿ ಎರಡಾಗುವದು, ಎರಡು ಅಂಗಡಿಗೆ ಉಗ್ರಾಣ ಬೇಕಾಗುವದು, ಉಗ್ರಾಣಕ್ಕೆ ಬ್ಯಾಂಕಿನ ಸಾಲ ಬೇಕಾಗುವದು. ಆಗ, ಇಷ್ಟು ದಿನ ಮಾತಿಲ್ಲದೆ ನಡೆದಿದ್ದ ಕೆಲಸಕ್ಕೆ, ಸಹಿ ಹಾಕುವವರು ಯಾರು ಎಂದು ಕೇಳುವ ಪ್ರಸಂಗವು ಒದಗುವದು.

ಅಂಕೋಲೆಯಲ್ಲಿ ಒಂದು ಕಿರಾಣಿ ವ್ಯಾಪಾರದ ಮನೆತನವನ್ನು ಕಲ್ಪಿಸಿಕೊಳ್ಳೋಣ. ಹಿರಿಯ ಮಗನು ಹದಿನಾರನೆಯ ವಯಸ್ಸಿನಿಂದ ಅಂಗಡಿಯಲ್ಲಿಯೇ ಬೆವರು ಸುರಿಸಿದವನು. ಆದರೆ ಹೊಸದೆಂದರೆ ಅಂಜುವನು. ಕಿರಿಯನು ಬೆಂಗಳೂರಿನಲ್ಲಿ ಓದಿ ಬಂದವನು. ಲೆಕ್ಕ ಬಲ್ಲನು, ಆದರೆ ಗಿರಾಕಿಯ ಮನಸ್ಸನ್ನು ಬಲ್ಲನೋ ಇಲ್ಲವೋ ತಿಳಿಯದು. ಮಗಳು ಇಬ್ಬರಿಗಿಂತಲೂ ಚತುರೆ. ಅವಳನ್ನು ಕೇಳಿದವರೇ ಇಲ್ಲ. ತಂದೆಗೆ ಎಪ್ಪತ್ತು ವರ್ಷ. ಹಿರಿಯನಿಗೆ ಗಾದಿಯನ್ನು ಕೊಟ್ಟರೆ ವ್ಯಾಪಾರವು ಕುಗ್ಗೀತು. ಕಿರಿಯನಿಗೆ ಕೊಟ್ಟರೆ ಹಿರಿಯನ ಮೂವತ್ತು ವರ್ಷಗಳ ದುಡಿಮೆಗೆ ಅವಮಾನವಾದೀತು. ತಂದೆಯು ಏನನ್ನೂ ಹೇಳದೆ ದಿನಗಳನ್ನು ನೂಕುವನು. ಈ ಮೌನಕ್ಕೆ ಅವನು ಶಾಂತಿಯೆಂದು ಹೆಸರಿಡುವನು. ಆದರೆ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಪಾಠ ಕಲಿತ ಅಣ್ಣತಮ್ಮಂದಿರು ಮುಂದೆ ಕೋರ್ಟಿನಲ್ಲಿ ಎದುರುಬದುರಾಗಿ ನಿಂತುದನ್ನು ನಾವು ಕಂಡಿದ್ದೇವೆ. ಅಂಥ ಜಗಳಗಳ ಬೇರನ್ನು ಹುಡುಕಿದರೆ ಅನೇಕ ಸಲ ಸಿಕ್ಕುವದು ಈ ಮೌನವೇ.

ಈ ಗೊಂದಲಕ್ಕೆ ಕಾರಣವೇನು? ಎರಡು ಬೇರೆ ಬೇರೆ ವಸ್ತುಗಳನ್ನು ನಾವು ಒಂದೆಂದು ಭಾವಿಸುತ್ತೇವೆ. ಒಂದು ಪಾಲು, ಇನ್ನೊಂದು ಅಧಿಕಾರ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ನಮ್ಮ ಕನ್ನಡ ನೆಲದಲ್ಲಿಯೇ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುವದೆಂಬುದು ಅವನ ಸಿದ್ಧಾಂತ. 1956ರ ಹಿಂದೂ ಉತ್ತರಾಧಿಕಾರ ಕಾಯದೆಯನ್ನು 2005ರಲ್ಲಿ ತಿದ್ದಿದ ಮೇಲೆ ಮಗಳಿಗೂ ಆ ಹಕ್ಕು ಸಮನಾಗಿ ದೊರೆಯಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಮತ್ತಷ್ಟು ಸ್ಪಷ್ಟಪಡಿಸಿತು. ಇತರ ಧರ್ಮೀಯರ ದಾಯಕ್ರಮವು ಬೇರೆಯಾದರೂ ಗಾದಿಯ ಪ್ರಶ್ನೆಯು ಅವರಿಗೂ ತಪ್ಪಿದ್ದಲ್ಲ. ಯಾಕೆಂದರೆ ಪಾಲು ಹುಟ್ಟಿನಿಂದ ಬರುವದು, ಪಾಟವವು ಹುಟ್ಟಿನಿಂದ ಬರುವದಿಲ್ಲ. ಪಾಲಿನಲ್ಲಿ ಮಕ್ಕಳೆಲ್ಲರೂ ಸಮಾನರು. ಗಾದಿಯ ಮೇಲಾದರೋ ಬಲ್ಲವರೇ ಕುಳಿತುಕೊಳ್ಳಬೇಕು. ಅಂಗಡಿಯನ್ನು ನಡೆಸದ ಮಗನಿಗೆ ಪಾಲು ತಪ್ಪಬಾರದು, ಪಾಲಿದೆಯೆಂದು ಅಂಗಡಿಯನ್ನು ನಡೆಸಲು ಬಾರದವನಿಗೆ ಬೀಗದ ಕೈ ಕೊಡಲೂಬಾರದು.

ಇದಕ್ಕೆ ನಮ್ಮ ಕರಾವಳಿಯಿಂದಲೇ ಹೊರಟ ಒಂದು ಮನೆತನದ ಉದಾಹರಣೆಯುಂಟು. ಉಡುಪಿಯ ಕಡೆಯಿಂದ ಬೆಂಗಳೂರಿಗೆ ಹೋದ ಮಯ್ಯ ಸೋದರರು 1924ರಲ್ಲಿ ಒಂದು ಚಿಕ್ಕ ಉಪಾಹಾರಗೃಹವನ್ನು ತೆರೆದರು. ಅದೇ ಮುಂದೆ ಎಂ.ಟಿ.ಆರ್. ಎಂದು ಹೆಸರಾದ ಮಾವಳ್ಳಿ ಟಿಫಿನ್ ರೂಮ್ಸ್. 1975ರ ತುರ್ತುಪರಿಸ್ಥಿತಿಯಲ್ಲಿ ತಿಂಡಿಗಳ ಬೆಲೆಯನ್ನು ಸರಕಾರವು ತೀರ ಕೆಳಗಿರಿಸಿದಾಗ ಹೋಟೆಲು ನಡೆಯದಂತಾಯಿತು. ಆಗ ಹಿಟ್ಟು, ಮಸಾಲೆಪುಡಿಗಳ ಪೊಟ್ಟಣಗಳ ಮಾರಾಟಕ್ಕೆ ಮನೆಯವರು ಕೈಹಾಕಿದರು. ಆ ವ್ಯವಹಾರವು ಬೆಳೆದು ದೊಡ್ಡ ಕಂಪನಿಯಾಗಿ, 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಸಂಸ್ಥೆಗೆ ಮಾರಾಟವಾಯಿತು. ಹೋಟೆಲುಗಳು ಮಾತ್ರ ಮನೆಯವರಲ್ಲಿಯೇ ಉಳಿದವು. ಮೂರನೆಯ ತಲೆಮಾರಿನ ಹೇಮಮಾಲಿನಿ ಮಯ್ಯ ಅವರು ಸೋದರರೊಡನೆ ಅವುಗಳ ಹೊಣೆಯನ್ನು ಹೊತ್ತರು. ಒಂದು ವ್ಯವಹಾರವು ಪರರ ಪಾಲಾದಾಗಲೂ ಇನ್ನೊಂದರ ಒಲೆಯು ಆರಲಿಲ್ಲ; ಎರಡೂ ಬೇರೆ ಬೇರೆಯಾಗಿದ್ದುದೇ ಇದಕ್ಕೆ ಆಧಾರ. ಮನೆಯ ಮಗಳು ಗಾದಿಗೆ ಅರ್ಹಳೋ ಎಂದು ಸಂದೇಹಪಡುವವರಿಗೂ ಇಲ್ಲಿ ಉತ್ತರವಿದೆ.

ಹಾಗಾದರೆ ಸಾಮಾನ್ಯ ಗೃಹಸ್ಥನು ಮಾಡತಕ್ಕದ್ದೇನು? ಮೊದಲನೆಯದಾಗಿ, ಮನೆಯ ಖರ್ಚನ್ನು ಗಲ್ಲಾ ಪೆಟ್ಟಿಗೆಯಿಂದ ಎತ್ತುವ ಪದ್ಧತಿಯನ್ನು ಬಿಡಬೇಕು. ಅಂಗಡಿಯಲ್ಲಿ ದುಡಿಯುವ ಮಗನಿಗೆ ದುಡಿಮೆಯ ಸಂಬಳವು ಬೇರೆ, ಲಾಭದ ಪಾಲು ಬೇರೆ ಎಂದು ಗೊತ್ತುಪಡಿಸಬೇಕು. ಆಗ ಹಿರಿಯನ ಬೆವರಿಗೆ ಬೆಲೆ ಬರುವದು, ದೂರದಲ್ಲಿರುವವರಿಗೆ ಸಂಶಯವು ಹುಟ್ಟುವದಿಲ್ಲ. ಎರಡನೆಯದಾಗಿ, ಒಪ್ಪಂದಗಳನ್ನು ಬರೆದಿಡಬೇಕು. 1932ರ ಪಾಲುದಾರಿಕೆಯ ಕಾಯದೆಯಂತೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಒಬ್ಬ ಪಾಲುದಾರನು ತೀರಿಕೊಂಡೊಡನೆ ಪಾಲುದಾರಿಕೆಯೇ ಮುಗಿಯುವದು. ಇಬ್ಬರು ಸೋದರರು ಕಟ್ಟಿದ ವ್ಯಾಪಾರವು ಒಂದು ವಾಕ್ಯವನ್ನು ಬರೆಯದ ಕಾರಣಕ್ಕೆ ಕುಸಿಯಬಹುದು! ತಂದೆಯು ಸ್ವಂತ ದುಡಿಮೆಯಿಂದ ಗಳಿಸಿದ ಸ್ವತ್ತಿಗೆ ಮೃತ್ಯುಪತ್ರವನ್ನು ಮಾಡಿಡುವದೂ ಅಷ್ಟೇ ಅವಶ್ಯವು. ಮೂರನೆಯದಾಗಿ, ತಲೆಮಾರುಗಳಿಂದ ನಂಬಿಕೆಯಿಂದಿರುವ ಗುಮಾಸ್ತನ ಮಾತನ್ನು ಕೇಳಬೇಕು; ಯಾವ ಮಗನಿಗೆ ಯಾವ ಗುಣವಿದೆಯೆಂಬುದು ತಂದೆಗಿಂತ ಅವನಿಗೇ ಚೆನ್ನಾಗಿ ಗೊತ್ತಿರುವದುಂಟು.

ಎಲ್ಲಕ್ಕೂ ಕಠಿಣವಾದುದು ನಾಲ್ಕನೆಯದು. ಗಾದಿಯನ್ನು ಬದುಕಿರುವಾಗಲೇ ಬಿಟ್ಟುಕೊಡಬೇಕು. ನಮ್ಮ ಹಿರಿಯರು ಗೃಹಸ್ಥಾಶ್ರಮದ ತರುವಾಯ ವಾನಪ್ರಸ್ಥವನ್ನು ಹೇಳಿದರು. ಅದು ಕಾಡಿಗೆ ಹೋಗುವದಷ್ಟೇ ಅಲ್ಲ, ಕೈಯೊಳಗಿನ ಅಧಿಕಾರವನ್ನು ಸಕಾಲದಲ್ಲಿ ಸಡಿಲಿಸುವದೂ ಹೌದು. ಹೊಸಬನು ತಪ್ಪಿದರೆ ತಿದ್ದಲು ಹಿರಿಯನು ಹತ್ತಿರದಲ್ಲಿರುವಾಗ ಕೊಟ್ಟ ಅಧಿಕಾರವು ಶಿಕ್ಷಣವಾಗುವದು. ಮರಣದ ಮರುದಿನ ಬಂದ ಅಧಿಕಾರವು ಬರೀ ಭಾರವಾಗುವದು. ಆದರೆ ಬಿಟ್ಟುಕೊಟ್ಟ ಮೇಲೆ ದಿನವೂ ಅಂಗಡಿಗೆ ಬಂದು ಮಗನ ಆಜ್ಞೆಯನ್ನು ಗುಮಾಸ್ತರ ಮುಂದೆ ಅಡ್ಡಗಟ್ಟುವದು ಸಲ್ಲದು. ಹೇಳುವದಿದ್ದರೆ ರಾತ್ರಿ ಊಟವಾದ ಮೇಲೆ ಮನೆಯಲ್ಲಿ ಹೇಳಬೇಕು.

ಈ ಮಾತನ್ನು ಮನೆಯಲ್ಲಿ ಮೊದಲು ಎತ್ತುವವರು ಯಾರು? ಮಕ್ಕಳು ಎತ್ತಿದರೆ ಆಸೆಬುರುಕರೆನ್ನಿಸಿಕೊಳ್ಳುವರು. ಸೊಸೆಯರು ಎತ್ತಿದರೆ ಮನೆಯೊಡೆಯುವವರೆನ್ನಿಸಿಕೊಳ್ಳುವರು. ಆದುದರಿಂದ ಯಜಮಾನನೂ ಅವನ ಪತ್ನಿಯೂ ತಾವಾಗಿಯೇ ಎಲ್ಲ ಮಕ್ಕಳನ್ನು, ಹೆಣ್ಣುಮಕ್ಕಳನ್ನೂ ಕೂಡಿ, ಕರೆದು ಕೂರಿಸಿಕೊಂಡು, ಯಾರಿಗೆ ಏನು ಬೇಕು, ಯಾರಿಗೆ ಏನು ಬರುವದು ಎಂದು ಕೇಳತಕ್ಕದ್ದು. ಕೇಳಿದ ಆ ಒಂದು ಸಂಜೆಯಲ್ಲಿ ಮನಸ್ಸಿಗೆ ತುಸು ನೋವಾದೀತು. ಕೇಳದೆ ಬಿಟ್ಟರೆ ಆ ನೋವು ಮೊಮ್ಮಕ್ಕಳ ಕಾಲದವರೆಗೂ ಹರಿದು ಬಂದೀತು.