ಬೆಳ್ಳಿಯೆಲೆಯ ಕಿರು ನೀಲಗಿರಿ

ನೀಲಗಿರಿ ಎಂದೊಡನೆ ರೈತರ ನೆನಪಿಗೆ ಬರುವುದು ನೆಟ್ಟಗೆ ಬೆಳೆಯುವ ದೊಡ್ಡ ಮರ. ಟಿಪ್ಪು ಸುಲ್ತಾನನು 1790ರ ಸುಮಾರಿನಲ್ಲಿ ಇವನ್ನು ನಂದಿಬೆಟ್ಟದಲ್ಲಿ ನೆಡಿಸಿದನೆಂದು ಪ್ರತೀತಿಯುಂಟು. ಆದರೆ ಈ ಕುಲದ ನೂರಾರು ಪ್ರಭೇದಗಳಲ್ಲಿ ಕೆಲವು ಪೊದೆಯಂತೆಯೇ ಉಳಿಯತಕ್ಕವು. ಯುಕಲಿಪ್ಟಸ್ ಪಲ್ವೆರುಲೆಂಟ ಎಂಬುದು ಅಂತಹುದೊಂದು. ಇದರ ತೌರು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಪ್ರಾಂತದ ಬೆಟ್ಟಸೀಮೆ. ಎತ್ತರವು 30 ಅಡಿಯನ್ನು ಮೀರುವುದು ಅಪರೂಪ. ಇತರ ಪ್ರಭೇದಗಳ ಎಲೆ ಬಲಿತ ಮೇಲೆ ನೀಳವಾಗುವುದು. ಇದರಲ್ಲಿಯಾದರೋ ಬೂದಿ ಬಳಿದಂತಿರುವ ದುಂಡೆಲೆಯೇ ಕಡೆಯವರೆಗೂ ನಿಲ್ಲುವುದು. ಹೂವಿನ ಅಲಂಕಾರಕ್ಕೆ ಇದು ಬೇಕಾಗಿರುವುದು ಆ ಎಲೆಗಾಗಿಯೇ.

ಸ್ಥಳ:— ಇದು ಚಳಿಯನ್ನು ತಡೆಯುವ ಗಿಡ. ಸೆಖೆಯನ್ನೂ ನಿಂತ ನೀರನ್ನೂ ಸಹಿಸದು. ಲಿಂಗದಹಳ್ಳಿಯ ಮೇಲ್ಗಡೆ ಸುಮಾರು 4,700 ಅಡಿ ಎತ್ತರದಲ್ಲಿರುವ ಕೆಮ್ಮಣ್ಣುಗುಂಡಿಯ ಕಡೆಯ ತಂಪು ಇಳಿಜಾರುಗಳು ಇದಕ್ಕೆ ಹೆಚ್ಚು ಒಪ್ಪುವುವು. ಕೆಳಗಿನ ಬಯಲಿನಲ್ಲಿ ಮೊದಲು ಒಂದೆರಡು ಗಿಡಗಳನ್ನು ಕುಂಡದಲ್ಲಿಟ್ಟು ನೋಡುವುದು ಲೇಸು.

ಸಸಿ:— ಬೀಜವು ಬಹು ಸಣ್ಣದು. ಮಾಘಮಾಸದಲ್ಲಿ ಮರಳು ಬೆರೆಸಿದ ಮಣ್ಣಿನ ಮೇಲೆ ಚೆಲ್ಲಿ, ತೆಳುವಾಗಿ ಮರಳು ಉದುರಿಸಿ, ಹನಿಹನಿಯಾಗಿ ನೀರು ಚಿಮುಕಿಸಬೇಕು. ಎರಡು ಮೂರು ವಾರಗಳಲ್ಲಿ ಮೊಳೆಯುವುದು. ಬೇರು ಕದಲಿದರೆ ಸೊರಗುವುದರಿಂದ ಎಳೆಯದಾಗಿರುವಾಗಲೇ ಬಿಡಿ ಕುಂಡಗಳಿಗೆ ತೆಗೆದು, ಮೃಗಶಿರಾ ಮಳೆ ಹಿಡಿದ ಮೇಲೆ ಮಣ್ಣಿನ ಹೆಂಟೆಯೊಡನೆಯೇ ನೆಡತಕ್ಕದ್ದು. ಗೆದ್ದಲಿದ್ದಲ್ಲಿ ಕುಳಿಗೆ ಬೇವಿನ ಹಿಂಡಿ ಹಾಕಬೇಕು.

ಕಟಾವು:— ಗಿಡ ಬೇರೂರಿದ ಮೇಲೆ, ಎರಡು ಮೂರು ವರ್ಷಕ್ಕೆ, ಮಳೆಗಾಲ ಕಳೆದು ನೆಲದಲ್ಲಿ ಹಸಿಯಿರುವಾಗ ಮೊಣಕಾಲೆತ್ತರಕ್ಕೆ ಕಡಿದರೆ ಬುಡದಿಂದ ನೀಳವಾದ ಚಿಗುರುಗಳು ಬರುವುವು. ಹೀಗೆ ಪ್ರತಿವರ್ಷ ಕೊಯ್ದರೆ ಗಿಡವು ಕೈಗೆಟುಕುವಂತೆಯೇ ಇರುವುದು. ಒಂದು ಪಾಲು ಗ್ಲಿಸರಿನ್ನಿಗೆ ಎರಡು ಪಾಲು ಬಿಸಿನೀರು ಬೆರೆಸಿ ಕಡ್ಡಿಗಳ ಬುಡವನ್ನು ಎರಡು ಮೂರು ವಾರ ಅದ್ದಿಟ್ಟರೆ ಎಲೆಯು ಮುರಿಯದೆ ಬಹುಕಾಲ ಬಾಳುವುದು.

ಎಚ್ಚರಿಕೆ:— ಗಿಡ ಕಿರಿದಾದರೂ ಕುಲವು ನೀಲಗಿರಿಯದೇ. ತರೀಕೆರೆ ಸೀಮೆಯ ಅಡಿಕೆ ತೋಟಗಳಿಗೆ ಜೀವಾಳವೆಂದರೆ ಕೆರೆ ಬಾವಿಗಳ ನೀರು. ಆದುದರಿಂದ ಬಾವಿಯ ಮಗ್ಗುಲಿನಲ್ಲಾಗಲಿ ತೋಟದ ಅಂಚಿನಲ್ಲಾಗಲಿ ಇದನ್ನು ನೆಡಲಾಗದು. ಎಲೆಯಲ್ಲಿ ತೈಲವಿರುವುದರಿಂದ ಬೆಂಕಿ ಬೇಗನೆ ಹತ್ತುವುದು. ಹುಲ್ಲಿನ ಬಣವೆಗೆ ದೂರವಿರಲಿ. 2017ರಲ್ಲಿ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿ ಆಜ್ಞೆ ಹೊರಡಿಸಿತು. ಬೀಜಕ್ಕೆ ಹಣ ಕೊಡುವ ಮೊದಲೇ ವಲಯ ಅರಣ್ಯಾಧಿಕಾರಿಗಳ ಕಛೇರಿಯಲ್ಲಿ ನಿಯಮವನ್ನು ವಿಚಾರಿಸಿ, ಅಪ್ಪಣೆಯಿದ್ದಲ್ಲಿ ಮಾತ್ರ ಮುಂದುವರಿಯತಕ್ಕದ್ದು.