ಸರದಿಗಿಂತ ಸ್ಥಿತಿ ಮುಖ್ಯ

ಆಸ್ಪತ್ರೆಯಲ್ಲಿ ಮೊದಲು ಬಂದವರಿಗೆ ಮೊದಲ ಹಾಸಿಗೆ ಎಂಬುದು ನ್ಯಾಯವೆಂದೇ ತೋರುತ್ತದೆ. ಆದರೆ ನರಳುವವರ ಕೂಗು ಎಲ್ಲರಿಗೂ ಕೇಳಿಸುತ್ತದೆ. ಮೌನವಾಗಿ ಕುಸಿಯುತ್ತಿರುವವರನ್ನು ಗಮನಿಸುವವರು ಯಾರು?

ಈ ಕೊರತೆಯನ್ನು ನೀಗಿಸಲೆಂದು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ ಸಂಸ್ಥೆಯು 2012ರಲ್ಲಿ ಮುನ್ನೆಚ್ಚರಿಕೆಯ ಅಂಕಪಟ್ಟಿಯೊಂದನ್ನು ಪ್ರಕಟಿಸಿ, 2017ರಲ್ಲಿ ಪರಿಷ್ಕರಿಸಿತು. ಉಸಿರಾಟದ ವೇಗ, ರಕ್ತದಲ್ಲಿನ ಆಮ್ಲಜನಕ, ರಕ್ತದೊತ್ತಡ, ನಾಡಿ, ಪ್ರಜ್ಞೆ, ದೇಹದ ಉಷ್ಣತೆ ಎಂಬ 6 ಅಂಶಗಳನ್ನು ಪರೀಕ್ಷಿಸಿ ಅಂಕ ನೀಡಲಾಗುತ್ತದೆ. ಒಟ್ಟು 5 ಆದರೆ ರೋಗಿಯನ್ನು ತ್ವರಿತವಾಗಿ ಪರೀಕ್ಷಿಸಬೇಕು; 7 ಅಥವಾ ಅದಕ್ಕೂ ಮೀರಿದರೆ ತುರ್ತು ಚಿಕಿತ್ಸೆಯ ತಂಡವೇ ಧಾವಿಸಬೇಕು.

ರೋಗಿಯೊಡನೆ ಹೋಗುವ ನಾವು ಪ್ರಭಾವಿಗಳ ಪರಿಚಯ ಹೇಳುವ ಬದಲು ಹಿಂದಿನ ಕಾಯಿಲೆ, ಸೇವಿಸುತ್ತಿರುವ ಔಷಧಗಳನ್ನು ಮರೆಮಾಚದೆ ತಿಳಿಸೋಣ. ತಡವಾಗಿ ಬಂದವರನ್ನು ಮೊದಲು ಒಳಗೆ ಕರೆದೊಯ್ದರೆ ಸಿಡುಕದಿರೋಣ. ಅಲ್ಲೊಂದು ಜೀವ ಉಳಿಯುತ್ತಿರಬಹುದು.